ಒಂದು ವಾರದ ಹಲ್ಲು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಊದಿದ ಕೆನ್ನೆ ಹಿಡಿದು ಕೂತಿದ್ದ ಟೈಲರಿಗೆ ಬಾಯಿ ಬಿಡಲಾಗುತ್ತಿರಲಿಲ್ಲ. ಪಕ್ಕದ ಗಂಡ ಹೆಂಡತಿಯ ಮಾತು ಮಾತ್ರ ಒಂದೂ ಬಿಡದೆ ಕಿವಿಗೆ ಬೀಳುತ್ತಿತ್ತು.

“ತಾತ್ಕಾಲಿಕ ಅಂದ್ರೆ ಎಷ್ಟು ದಿನ ಕಣೇ?”

“ಈ ಹಲ್ಲು ಕೂರಿಸಿದಾಗ ಒಂದು ವಾರ ಅಂದಿದ್ರು.”

“ಒಂಬತ್ತು ವರ್ಷ ಆಯ್ತು. ಇವತ್ತಾದ್ರೂ ತೆಗೆಸಿ ಶಾಶ್ವತದ್ದು ಹಾಕಿಸ್ಕೋ.”

“ಇದು ಅಲ್ಲಾಡ್ತಾನೂ ಇಲ್ಲ. ಕಿತ್ತ ಮೇಲೆ ಹೊಸದು ನಿಲ್ಲದೇ ಹೋದ್ರೆ? ನಿಮ್ಮ ಶಾಶ್ವತದ್ದು ಎಲ್ಲಿದೆ?”

“ಡಬ್ಬೀಲಿದೆ.”

“ಬಾಯಲ್ಲಿ ಎಷ್ಟು ದಿನ ಇತ್ತು?”

“ಅದೆಲ್ಲ ಈಗ್ಯಾಕೆ?”

“ಮದುವೆಯಾದಾಗ ಮಹಡಿ ಕೋಣೇನೂ ತಾತ್ಕಾಲಿಕ ಅಂದಿದ್ರಿ. ಮೂರು ಮಕ್ಕಳು ಅಲ್ಲೇ ಬೆಳೆದ್ರು.”

“ಒಂದು ದಿನಾನಾದ್ರೂ ಸೋರಿದ್ಯಾ ಅದು?”

“ಇಲ್ಲ. ಅದನ್ನೇ ನಾನೂ ಹೇಳ್ತಿರೋದು.”

ಗಂಡ ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, “ತಾತ್ಕಾಲಿಕ ಹಲ್ಲಿನವರು ಒಳಗೆ ಬನ್ನಿ,” ಎಂದಳು.

ಹೆಂಡತಿ ತುಟಿ ಬಿಗಿದು ಗಂಡನ ಮುಖ ನೋಡಿದರು.

“ಒಂದು ವಾರ ಬಿಟ್ಟು ಬರ್ತೀವಮ್ಮ,” ಎಂದು ಗಂಡ ಎದ್ದರು. ಹೆಂಡತಿ ಆಗಲೇ ಚಪ್ಪಲಿ ಮೆಟ್ಟಿಯಾಗಿತ್ತು.

ತಾನು ಅಂಗಡಿಯಲ್ಲಿ ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವ ‘ಒಂದು ವಾರ ಬಿಟ್ಟು’ ಎಂಬ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಟೈಲರಿಗೆ ನಗು ತಡೆಯಲಾಗಲಿಲ್ಲ. ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡ.