ಇವರು ನನ್ನ ಮನೆಯವರು

...ಕೂತ್ಕೋ ಯುಂಜೊ, ಬ್ಯಾಂಕಿನವರ ಕುರ್ಚಿ, ಕೂತಿದ್ದಕ್ಕೆ ಬಡ್ಡಿ ಹಾಕಲ್ಲ. ಬಾರ್ಲಿ ಚಹಾ ಕುಡಿ. ಪಾಪ, ಅಷ್ಟು ದೂರದಿಂದ ಓಡಿಬಂದಿದ್ದೀಯ. ದೂರ ಅಂದ್ರೆ... ಸೇತುವೆ ದಾಟಿದ್ರೆ ನಿನ್ನ ಮನೆ. ಇರಲಿ.

ಯಾಕೆ ನಗ್ತೀಯ? ಅಪ್ಪ ಯಾಮಾರಿದ ಅಂತಲಾ? ನಗು. ಬುಸಾನಿನ ಹಡಗುಕಟ್ಟೆಯಲ್ಲಿ ಬದುಕಿಡೀ ಹಡಗಿನ ತುಕ್ಕು ಬಡಿದು ಬಡಿದು ಮಂದವಾದ ಕಿವಿ ಇದು. ಆದ್ರೂ ಫೋನಲ್ಲಿ ಬಂದದ್ದು ನಿನ್ನದೇ ದನಿ ಕಣಮ್ಮ. ಅದೇ, ಮೂಗು ಕಟ್ಟಿದ ಹಾಗೆ 'ಅಪ್ಪಾ' ಅನ್ನೋದು. ನಿನ್ನ ಅಡುಗೆ ವಿಡಿಯೋದಿಂದ ದನಿ ಕದ್ದು, ಕಂಪ್ಯೂಟರ್ ಬಾಯಲ್ಲಿ ಮಾತಾಡಿಸ್ತಾರಂತೆ. ಈ ಬ್ಯಾಂಕಿನ ಬಾಂಗ್ ಮೇಡಂ ಹೇಳಿದ್ರು. ಗಾಜಿನಾಚೆ ನಿಂತು ನಮ್ಮನ್ನ ನೋಡದ ಹಾಗೆ ನೋಡ್ತಿದ್ದಾರಲ್ಲ, ಅವರು.

ಫೋನ್ ನೀರಿಗೆ ಬಿತ್ತು, ಇದು ಹೊಸ ನಂಬರು ಅಂದಳು ಆ ಕಳ್ಳಿ, ಮೊದಲ ಸಲ. ಆಮೇಲೆ ದಿನಾ ಮಾಡಿದಳು. ದುಡ್ಡಿನ ಮಾತೇ ಇಲ್ಲ. 'ಅಪ್ಪಾ, ಊಟ ಆಯ್ತಾ?' ನಮ್ಮಲ್ಲಿ ಎಲ್ಲರೂ ಕೇಳೋದೇ, ಆಯ್ತು ಅಂದು ಮುಗಿಸೋದೇ. ನಾನು ಪೂರ್ತಿ ಉತ್ತರ ಕೊಟ್ಟೆ. ಒಣಮೀನಿನ ಸಾರು, ಮೂಲಂಗಿ ಕಿಮ್ಚಿ ಹುಳಿಯಾಗಿದ್ದು, ಹಲ್ಲು ಅಲ್ಲಾಡ್ತಿರೋದು... ಎಲ್ಲ ಕೇಳಿಸಿಕೊಂಡಳು. ಕಳ್ಳರಿಗೆ ತಾಳ್ಮೆ ಜಾಸ್ತಿ.

ಇವತ್ತು ಬೆಳಿಗ್ಗೆ ಅತ್ತಳು. ಕಾರು ಯಾರಿಗೋ ಗುದ್ದಿತಂತೆ, ಪೊಲೀಸರು ಬರೋ ಮುಂಚೆ ರಾಜಿ ಮಾಡ್ಕೋಬೇಕಂತೆ. ಬಂದೆ, ಉಳಿತಾಯವೆಲ್ಲ ಕಳಿಸಿ ಅಂದೆ. ಇವರ ಯಂತ್ರ ತಡೀತು. ಈ ಮುದುಕ ವಾರಕ್ಕೊಂದು ಸಲ ಮೀನಿಗೂ ಒಂದು ಬಾಟಲಿ ಸೋಜು ಹೆಂಡಕ್ಕೂ ದುಡ್ಡು ತೆಗೆಯೋನು, ಇವತ್ತು ಏನೋ ಆಗಿದೆ ಅಂತ ಅದಕ್ಕೆ ಅನ್ನಿಸಿತಂತೆ. ನನ್ನನ್ನ ಅಷ್ಟು ಗಮನಿಸಿದೆ, ನೋಡು.

ನೀನು ಹಬ್ಬಕ್ಕೆ ಬಂದಾಗ ಫೋನಿಗೆ ಹಾಕಿಕೊಟ್ಟೆಯಲ್ಲ, ಮೋಸದ ಕರೆ ಹಿಡಿಯೋ ಆಪು? ಅದೂ ಇದೇ ಜಾತಿಯದ್ದು. ಆದ್ರೆ ಕೂಗಲೇ ಇಲ್ಲ. ನಿದ್ದೆ ಹೋಗಿತ್ತೇನೋ.

ಫೋನ್ ಯಾಕೆ? ಬೇಡ, ಚಾರ್ಜಿಲ್ಲ ಅದರಲ್ಲಿ... ಇದೆಯಾ.

ಏನು ನೋಡ್ತಿದ್ದೀಯ ಅಷ್ಟು ಹೊತ್ತು?

ಯುಂಜೊ. ಬೈಯೋದಿದ್ರೆ ಬೈದುಬಿಡು.

...ಹೌದು. ಮೊದಲನೇ ದಿನವೇ ಕೂಗಿತ್ತು. ಕೆಂಪು ಅಕ್ಷರದಲ್ಲಿ, ಇದು ನಕಲಿ ದನಿ ಅಂತ. ಕೆಳಗೆ ಎರಡು ಗುಂಡಿ. ಒಂದು, ಕರೆ ಕತ್ತರಿಸಿ. ಇನ್ನೊಂದು, ಇವರು ನನ್ನ ಮನೆಯವರು. ಎರಡನೇದು ಒತ್ತಿದೆ. ಆಮೇಲೆ ಅದು ತೆಪ್ಪಗಾಯ್ತು. ಹಿರಿಯರ ಮಾತು ನಂಬೋ ಯಂತ್ರ.

ಅದು ಹೇಳಬೇಕಾಗೇ ಇರಲಿಲ್ಲ ಕಣಮ್ಮ. ನೀನೆಂದೂ ಫೋನ್ ಮಾಡಿ ಕೇಳಿದವಳಲ್ಲ; ಊಟ ಆಯ್ತಾ ಅಂದಾಗಲೇ ಗೊತ್ತಾಗಿತ್ತು, ನೀನಲ್ಲ ಅಂತ.

ಅಳಬೇಡ, ಬಾಂಗ್ ಮೇಡಂ ನೋಡ್ತಿದ್ದಾರೆ. ಇವತ್ತು ದುಡ್ಡು ಕಳಿಸದಿದ್ರೆ ನಾಳೆ ಫೋನ್ ಬರ್ತಿರಲಿಲ್ಲ... ಅಷ್ಟೇ.