ತೋಳಿನ ಮೇಲಿನ ನೀಲಿ ಕಲೆ

ರಕ್ತ ಪರೀಕ್ಷೆಗೆ ಕಾದು ಕೂತಿದ್ದ ಬಸ್ ಡ್ರೈವರನಿಗೆ ಎದುರು ಬೆಂಚಿನ ಹೆಂಗಸಿನ ತೋಳಿನಲ್ಲಿ ಅಂಗೈಯಗಲದ ನೀಲಿ ಕಲೆ ಕಾಣಿಸಿತು. ಪಕ್ಕದಲ್ಲಿ ಅವಳ ಕೈಚೀಲ ಹಿಡಿದು ಕೂತಿದ್ದ ಗಂಡನನ್ನು ದುರುಗುಟ್ಟಿ ನೋಡಿ, ಇವನ ಕೈ ಸೇದಿಹೋಗ ಎಂದು ಮನಸ್ಸಿನಲ್ಲೇ ಶಪಿಸಿದ. ಅಷ್ಟರಲ್ಲಿ ಆ ಗಂಡ ಹೆಂಡತಿಯತ್ತ ಬಾಗಿ ಮೆಲ್ಲಗೆ ಕೇಳಿದ್ದು ಡ್ರೈವರನ ಕಿವಿಗೂ ಬಿತ್ತು.

“ನಿನ್ನ ಕರ್ಕೊಂಡು ಬರೋಕೆ ಹೋದ್ರೆ ನಿನ್ನ ಹೊಲಿಗೆ ಅಂಗಡಿ ಅಕ್ಕ ನನ್ನ ಮುಖ ನೋಡಿ ಥೂ ಅಂದ್ರಲ್ಲ, ಯಾಕೆ?”

ಅವಳು ತೋಳಿನ ಬಟ್ಟೆಯನ್ನು ಕೆಳಗೆಳೆದುಕೊಂಡಳು.

“ಈ ಕಲೆ ನೋಡಿ, ನೀವು ಹೊಡೀತೀರ ಅಂದ್ಕೊಂಡಿದಾರೆ.”

“ರಕ್ತ ಹೆಪ್ಪುಗಟ್ಟೋ ಕಾಯಿಲೆ, ಅದನ್ನ ತೆಳು ಮಾಡೋ ಮಾತ್ರೆಯಿಂದ ಹೀಗಾಗುತ್ತೆ ಅನ್ನೋದಲ್ವೇನೇ?”

“ಹೇಗನ್ಲಿ? ಗೀರು ಬಿದ್ರೂ ರಕ್ತ ಬೇಗ ನಿಲ್ಲಲ್ಲ ಅಂತ ಗೊತ್ತಾದ್ರೆ, ಬಟ್ಟೆ ಕತ್ತರಿಸೋ ಕೆಲಸಕ್ಕೆ ಯಾರ್ರೀ ಇಟ್ಕೋತಾರೆ?”

“ಹಾಗಾದ್ರೆ ನಾನು ಹೊಡೆಯಲ್ಲ ಅಂತಾನಾದ್ರೂ ಹೇಳ್ದಾ?”

“ಇಲ್ಲ.”

“ಮತ್ತೇನಂದೆ?”

“ತಲೆ ತಗ್ಗಿಸ್ಕೊಂಡು ಕೂತಿದ್ದೆ. ಅಕ್ಕ ಅಯ್ಯೋ ಪಾಪ ಅಂತ ಟೀ ತಂದ್ಕೊಟ್ರು. ಕುಡಿದೆ.”

ಗಂಡ ಕೈಚೀಲದ ಹಿಡಿಯನ್ನು ತಿರುಚಿದ.

ಒಳಗಿನಿಂದ ನರ್ಸ್ ಕರೆದಳು. ಎದ್ದ ಹೆಂಡತಿ ಊದಿದ ಕಾಲನ್ನು ಊರಲಾರದೆ ತಡವರಿಸಿದಾಗ ಅವನು ತೋಳು ಹಿಡಿಯಲು ಕೈ ಚಾಚಿದ. ಎದುರಿನ ಡ್ರೈವರನ ಕಣ್ಣು ತನ್ನ ಮೇಲಿರುವುದನ್ನು ಕಂಡು ಹಿಂದೆಳೆದುಕೊಂಡ.

“ಹಿಡ್ಕೊಳ್ರೀ.”

“ಜನ ನೋಡ್ತಿದಾರೆ ಕಣೇ.”

ಡ್ರೈವರ್ ಸರಕ್ಕನೆ ತಲೆ ತಗ್ಗಿಸಿದ. ಆದರೆ ಅಷ್ಟರಲ್ಲಿ ಅವಳು ಗೋಡೆಯನ್ನೇ ಹಿಡಿದು ನಡೆಯತೊಡಗಿದ್ದಳು.