ಗುಲಾಬಿ ಕೋಳಿಮರಿಯ ಮೂರನೆಯ ದಿನ

ಈಗಷ್ಟೇ ನಮ್ಮ ಸಭೆಯ ಕಾರ್ಯದರ್ಶಿಗಳು ಪ್ರಕಟಣೆ ಓದಿದರು. ಈಸ್ಟರ್ ದಿನ ಸಂಡೇ ಸ್ಕೂಲ್ ಮಕ್ಕಳಿಗೆ ಕರಕುಶಲ ಸ್ಪರ್ಧೆ, ‘ಮಕ್ಕಳು ತಮ್ಮ ಸ್ವಂತ ಕೈಯಿಂದಲೇ ಮಾಡತಕ್ಕದ್ದು.’ ಓದುವಾಗ ಅವರಿಗೇ ನಗು ಬಂತು. ನಿಮಗೂ ಬಂತು. ನೋಡಿ, ದೇವಾಲಯದಲ್ಲಿ ಕೂತು ಎಲ್ಲರೂ ಒಟ್ಟಾಗಿ ನಗುವಷ್ಟು ಚೆನ್ನಾಗಿ ಗೊತ್ತಿರುವ ಸುಳ್ಳು ಅದು. ಆದ್ದರಿಂದ ಇವತ್ತಿನ ಬೈಬಲ್ ವಾಕ್ಯಭಾಗವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಒಂದು ಕಥೆ ಕೇಳೋಣ.

ಒಂದು ಊರು. ಆ ಊರಿನಲ್ಲಿ ಒಬ್ಬ ತಾಯಿ. ಆ ತಾಯಿಯ ಮನೆಯಲ್ಲಿ ನಂಬಿಕೆ ಇಡುವುದಕ್ಕೆಂದೇ ಬೇರೆ ಒಂದು ಬೀರು ಇತ್ತು.

ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಇತ್ತು. ಕ್ರಿಸ್‌ಮಸ್ಸಿಗೆ ಮೇಲಿನ ಅರೆ, ಸುಗ್ಗಿಹಬ್ಬಕ್ಕೆ ಕೆಳಗಿನ ಅರೆ, ನಡುವಿನ ಎರಡು ಅರೆಗಳು ಈಸ್ಟರ್ ಹಬ್ಬಕ್ಕೆ. ಬಣ್ಣದ ಕಾಗದದ ಚಿಟ್ಟೆಗಳು, ಹತ್ತಿ ಅಂಟಿಸಿದ ಕುರಿಮರಿಗಳು, ಐಸ್‌ಕ್ಯಾಂಡಿ ಕಡ್ಡಿಯ ಶಿಲುಬೆಗಳು, ತೂತು ಕೊರೆದು ಬರಿದು ಮಾಡಿ ಬಣ್ಣ ಬಳಿದ ಮೊಟ್ಟೆಯ ಚಿಪ್ಪುಗಳು. ಬೀರುವಿಗೆ ಬೀಗ. ಬೀಗ ಯಾಕೆ? ಮನೆಯಲ್ಲಿ ಐದು ವರ್ಷದ ಮಗಳಿದ್ದಳು, ಅದಕ್ಕೆ. ಮಗುವಿನ ನಂಬಿಕೆ ಬೆಳೆಯಲಿ ಎಂದು ಮಾಡಿದ ವಸ್ತುಗಳು. ಮಗು ಮುಟ್ಟದಿರಲಿ ಎಂದು ಬೀಗ!

ತಾಯಿಯ ಹೆಸರು ಪ್ರಮೋದಿನಿ ಎಂದಿಟ್ಟುಕೊಳ್ಳಿ. ಮಗಳು ಹೆಪ್ಸಿಬಾ, ಎಲ್ಲರ ಬಾಯಲ್ಲಿ ಹೆಪ್ಸಿ. ಮೋಶೆಗೆ ದೇವರು ಹತ್ತು ಆಜ್ಞೆ ಕೊಟ್ಟರೆ ಹೆಪ್ಸಿಗೆ ಅಮ್ಮ ಕೊಟ್ಟದ್ದು ಒಂದೇ ಆಜ್ಞೆ: ‘ಮುಟ್ಬೇಡ.’ ಕತ್ತರಿಸುವುದು ಅಮ್ಮ, ಅಂಟಿಸುವುದು ಅಮ್ಮ, ಬಣ್ಣ ಬಳಿಯುವುದು ಅಮ್ಮ. ಎಲ್ಲ ಮುಗಿದ ಮೇಲೆ ಮಗಳಿಗೆ ಬಿಳಿ ಫ್ರಾಕ್ ತೊಡಿಸಿ, ಕೈಗೆ ಕುಂಚ ಕೊಟ್ಟು, ಫೋಟೋ. ಆ ಫೋಟೋ ಸಭೆಯ ಮೊಬೈಲ್ ಗುಂಪಿಗೆ ಹೋಗುತ್ತಿತ್ತು. ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತಿದ್ದವು. ‘ಎಂಥಾ ಭಕ್ತಿಯ ಮನೆ!’ ಪ್ರಮೋದಿನಿ ಅವುಗಳನ್ನು ಒಂದಕ್ಕೆರಡು ಸಲ ಓದುತ್ತಿದ್ದಳು. ಓದಿದಾಗ ಎದೆ ತುಂಬುತ್ತಿತ್ತು. ಅದನ್ನೇ ಅವಳು ಪವಿತ್ರಾತ್ಮನ ಸಾನ್ನಿಧ್ಯ ಎಂದು ತಿಳಿದಿದ್ದಳು, ಪಾಪ.

ಆ ವರ್ಷದ ಸ್ಪರ್ಧೆ, ಬರಿದಾದ ಸಮಾಧಿಯ ತೋಟ. ಒಂದು ತಟ್ಟೆಯಲ್ಲಿ ಮಣ್ಣು ಹಾಕಿ, ಸಮಾಧಿ ಮಾಡಿ, ಸುತ್ತ ಹಸಿರು ಬೆಳೆಸಬೇಕು. ಮೂರು ವರ್ಷದಿಂದ ಮೊದಲ ಬಹುಮಾನ ಪ್ರಮೋದಿನಿಗೇ. ತಪ್ಪಾಯಿತು, ಹೆಪ್ಸಿಗೇ! ಈ ಸಲವೂ ಬಿಡುವ ಹಾಗಿರಲಿಲ್ಲ. ಅವಳು ಮಣ್ಣನ್ನು ಹಿಟ್ಟಿನ ಹಾಗೆ ಜರಡಿ ಹಿಡಿದಳು. ಮೆಂತ್ಯ, ಸಾಸಿವೆ ಬಿತ್ತಿದಳು. ಒಡೆದ ಮಡಕೆಗೆ ಥರ್ಮಾಕೋಲ್ ಮೆತ್ತಿ, ಬಂಡೆಯ ಬಣ್ಣ ಬಳಿದು, ಗುಹೆ ಮಾಡಿದಳು. ಬಾಯಿಗೆ ಉರುಳುವ ಒಂದು ದುಂಡುಕಲ್ಲು.

ಹೆಪ್ಸಿ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದಳು.

“ಅಮ್ಮಾ, ಯೇಸುಸ್ವಾಮಿ ಒಳಗಿದಾರಾ?”

“ಇಲ್ಲ. ಎದ್ದುಬಿಟ್ರಲ್ಲ.”

“ಹೆಂಗೆ ಎದ್ರು?”

“ಬಿಳಿ ಬಟ್ಟೆ ಸುತ್ತಿ ಒಳಗಿಟ್ರು, ಕಲ್ಲು ಮುಚ್ಚಿದ್ರು, ಮೂರನೇ ದಿನ ಎದ್ರು. ಆ ಗಮ್ ಬಾಟ್ಲಿ ಬಿಡು.”

“ಸತ್ತೋರೆಲ್ಲ ಏಳ್ತಾರಾ ಅಮ್ಮಾ?”

“ನಂಬಿದ್ರೆ ಏಳ್ತಾರೆ. ಸರಿ, ಆ ಕಡೆ ಹೋಗು, ನೆರಳು ಬೀಳ್ತಿದೆ.”

ನೋಡಿ, ಇಷ್ಟೇ ಪಾಠ. ಮುಖ ತಿರುಗಿಸದೆ, ಕಲ್ಲಿಗೆ ಬಣ್ಣ ಬಳಿಯುತ್ತ ಹೇಳಿದ ಪಾಠ. ಹೇಳಿದವಳಿಗೆ ಮರುಗಳಿಗೆ ನೆನಪಿರಲಿಲ್ಲ. ಕೇಳಿದವಳು ಒಂದಕ್ಷರ ಬಿಡದೆ ಇಟ್ಟುಕೊಂಡಳು.

ಬುಧವಾರ ಬಸ್‌ ಸ್ಟ್ಯಾಂಡಿನ ಹತ್ತಿರ ಒಬ್ಬ ಬಣ್ಣ ಹಾಕಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮಾರುತ್ತಿದ್ದ. ಹಸಿರು, ನೀಲಿ, ಗುಲಾಬಿ. ಹೆಪ್ಸಿಯ ಫ್ರಾಕಿನ ಅಂಚು ಗುಲಾಬಿ, ಅದಕ್ಕೆ ಹೊಂದುವ ಹಾಗೆ ಪ್ರಮೋದಿನಿ ಒಂದು ಗುಲಾಬಿ ಮರಿ ತಂದಳು. ತೋಟದೊಳಗೆ ಬಿಟ್ಟು ಫೋಟೋ ತೆಗೆದಳು. ಮರಿಗೆ ಸ್ಪರ್ಧೆಯ ವಿಷಯ ತಿಳಿಯದು. ಅದು ಮೆಂತ್ಯದ ಮೊಳಕೆ ಕೆದಕಿತು. ಕೂಡಲೇ ಅದನ್ನು ಎತ್ತಿ ರಟ್ಟಿನ ಡಬ್ಬದಲ್ಲಿ ಹಾಕಿ ಮನೆಯ ಮುಂದಿನ ಕಟ್ಟೆಯ ಮೇಲೆ ಇಟ್ಟುಬಿಟ್ಟಳು. ಅವಳ ಮಟ್ಟಿಗೆ ಮರಿಯ ಕೆಲಸ ಮುಗಿದಿತ್ತು. ಹೆಪ್ಸಿಯ ಮಟ್ಟಿಗೆ ಆಗಷ್ಟೇ ಶುರುವಾಗಿತ್ತು. ಅವಳು ಅದಕ್ಕೆ ಗುಂಡು ಎಂದು ಹೆಸರಿಟ್ಟಳು, ಅದರ ಜೊತೆ ಕೂತು ಉಂಡಳು. ಆ ಮನೆಯಲ್ಲಿ ಅವಳಿಗೆ ಮುಟ್ಟಲು ಸಿಕ್ಕಿದ್ದು ಅದೊಂದೇ.

ಶುಭ ಶುಕ್ರವಾರ ಬಂತು. ಮಧ್ಯಾಹ್ನ ಮೂರು ತಾಸಿನ ಆರಾಧನೆ. ಶಿಲುಬೆಯ ಮೇಲಿನ ಏಳು ಮಾತುಗಳಲ್ಲಿ ಐದನೆಯದರ ಮೇಲೆ ಮಾತಾಡುವ ಸರದಿ ಪ್ರಮೋದಿನಿಯದು. ‘ನನಗೆ ನೀರಡಿಕೆಯಾಗಿದೆ’ ಎಂದು ಕರ್ತನಾದ ಯೇಸು ಹೇಳಿದ ಮಾತು. ಬಹಳ ಚೆನ್ನಾಗಿ ಮಾತಾಡಿದಳು. ಒಣಗಿದ ನಾಲಿಗೆ, ಉರಿಯುವ ಬಿಸಿಲು, ಒಂದು ಹನಿಗಾಗಿ ಹಾತೊರೆಯುವ ಜೀವ ಎಂದು ಅವಳು ವರ್ಣಿಸುತ್ತಿದ್ದರೆ ಸ್ತ್ರೀಯರ ಕಡೆಯ ಬೆಂಚುಗಳಲ್ಲಿ ಸೆರಗು ಕಣ್ಣಿಗೆ ಹೋಯಿತು.

ಮನೆಗೆ ಬಂದು ನೋಡಿದರೆ ಡಬ್ಬದಲ್ಲಿ ಮರಿ ಸತ್ತು ಬಿದ್ದಿತ್ತು. ಏಪ್ರಿಲ್ ತಿಂಗಳ ಬಿಸಿಲು ನೇರವಾಗಿ ಕಟ್ಟೆಯ ಮೇಲೆ. ಮರಿಗೆ ನೀರಿಡುವ ಪುಟ್ಟ ಮುಚ್ಚಳ ಒಣಗಿತ್ತು.

ಹೆಪ್ಸಿ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಏನು ಹೇಳಿದಳು? “ಅಳ್ಬೇಡ್ವೇ, ಕಣ್ಣು ಊದ್ಕೊಂಡ್ರೆ ಭಾನುವಾರ ಫೋಟೋ ಚೆನ್ನಾಗ್ ಬರಲ್ಲ.” ಗಂಡನಿಗೆ ಹೇಳಿದಳು, “ರೀ, ಅದನ್ನ ಕಸದ ಬುಟ್ಟಿಗೆ ಹಾಕಿಬಿಡಿ.” ಗಂಡ ಒಳ್ಳೆಯ ಮನುಷ್ಯ, ಹೇಳಿದ್ದನ್ನು ಅರ್ಧ ಮಾಡುವವನು. ಪೇಪರಿನಲ್ಲಿ ಸುತ್ತಿ ಗೇಟಿನ ಬಳಿ ಇಟ್ಟು ಕಾಫಿಗೆ ಒಳಗೆ ಬಂದ. ಅಷ್ಟರಲ್ಲಿ ಹೆಪ್ಸಿ ಅದನ್ನು ತಂದಿದ್ದಳು. ಅಪ್ಪನ ಬಿಳಿ ಕರವಸ್ತ್ರದಲ್ಲಿ ಸುತ್ತಿದಳು, ತೋಟದ ಗುಹೆಯೊಳಗೆ ಮಲಗಿಸಿದಳು, ಕಲ್ಲು ಉರುಳಿಸಿ ಮುಚ್ಚಿದಳು. ಮೊಣಕಾಲೂರಿ ಪ್ರಾರ್ಥನೆಯನ್ನೂ ಮಾಡಿದಳು. ತುಂಟತನವೇ ಇದು? ಅಲ್ಲ! ತಾಯಿ ಹೇಳಿಕೊಟ್ಟದ್ದನ್ನು ಹೇಳಿದ ಹಾಗೆಯೇ ಮಾಡಿದಳು. ಆ ಮನೆಯಲ್ಲಿ ಆ ದಿನ ಸುವಾರ್ತೆಯನ್ನು ನಂಬಿದವಳು ಅವಳೊಬ್ಬಳೇ.

ಶನಿವಾರ ಮನೆಯಲ್ಲಿ ಏನೋ ವಾಸನೆ. ಪ್ರಮೋದಿನಿ ಗಂಡನ ಸಾಕ್ಸ್ ಒಗೆಯಲು ಹಾಕಿದಳು. ಬಚ್ಚಲಿಗೆ ಫಿನಾಯಿಲ್ ಸುರಿದಳು. ಕೊನೆಗೆ ಸಮಾಧಿಯ ತೋಟದ ಮೇಲೆ ಚೆನ್ನಾಗಿ ಸೆಂಟು ಹೊಡೆದಳು. ಕಲ್ಲನ್ನು ಸರಿಸಿ ನೋಡಲಿಲ್ಲ. ನಮ್ಮಲ್ಲಿ ಯಾರು ನೋಡುತ್ತೇವೆ?

ಭಾನುವಾರ ಬೆಳಗಾಗುತ್ತಲೇ ಹೆಪ್ಸಿ ಬರಿಗಾಲಲ್ಲಿ ಓಡಿಬಂದಳು. ತೋಟ ಆಗಲೇ ಪ್ಲಾಸ್ಟಿಕ್ ಹಾಳೆ ಹೊದ್ದು ಕಾರಿನ ಸೀಟಿನ ಮೇಲೆ ಕೂತಿತ್ತು.

“ಅಮ್ಮಾ, ಒಂದೇ ಒಂದ್ಸಲ ಕಲ್ಲು ತೆಗೆದು ನೋಡ್ತೀನಿ.”

“ಮುಟ್ಬೇಡ!”

ಆರಾಧನೆ ಮುಗಿಯಿತು. ‘ಕ್ರಿಸ್ತನು ಎದ್ದಿದ್ದಾನೆ’ ಎಂದು ಪಾದ್ರಿ ಅಯ್ಯನವರು ಕೂಗಿದರು, ‘ನಿಶ್ಚಯವಾಗಿ ಎದ್ದಿದ್ದಾನೆ’ ಎಂದು ಸಭೆ ಕೂಗಿತು. ಎಲ್ಲರಿಗಿಂತ ಮೇಲೆ ಪ್ರಮೋದಿನಿಯ ದನಿ. ಆಮೇಲೆ ಹೊರಗೆ ಶಾಮಿಯಾನದ ಕೆಳಗೆ ತೋಟಗಳ ಸಾಲು. ಒಂದರಲ್ಲಿ ಮೋಟಾರಿಟ್ಟು ಝರಿ ಹರಿಸಿದ್ದರು. ಇನ್ನೊಂದರಲ್ಲಿ ದೇವದೂತನಿಗೆ ದೀಪ ಹತ್ತುತ್ತಿತ್ತು. ಮಾಡಿದವರು ನಾಲ್ಕು ವರ್ಷದವರಂತೆ! ತೀರ್ಪು ಕೊಡಲು ಪರವೂರಿನಿಂದ ಹಿರಿಯ ಅಯ್ಯನವರೊಬ್ಬರು ಬಂದಿದ್ದರು. ಪ್ರಮೋದಿನಿಯ ತೋಟದ ಮುಂದೆ ನಿಂತು ಅವರು ಮೂಗು ಸ್ವಲ್ಪ ಸುಕ್ಕಿಸಿದರು. ಆದರೂ ನಗುತ್ತ ಕೇಳಿದರು, “ಯಾರು ಮಾಡಿದ್ದು ಪುಟ್ಟಿ?”

ಪ್ರಮೋದಿನಿ ಹಿಂದಿನಿಂದ ಮಗಳ ಬೆನ್ನು ತಿವಿದಳು. “ಹೇಳಮ್ಮ, ನಾನೇ ಮಾಡ್ದೆ ಅಂತ.”

“ಅಮ್ಮ ಮಾಡಿದ್ದು,” ಎಂದಳು ಹೆಪ್ಸಿ. “ಒಳಗಿರೋದು ಮಾತ್ರ ನಂದು.”

“ಒಳಗೆ ಏನಿದೆ?”

“ಈಗ ಏನೂ ಇರಲ್ಲ ಅಯ್ಯನೋರೇ. ಇವತ್ತು ಮೂರನೇ ದಿನ.”

ಇಷ್ಟು ಒಳ್ಳೆಯ ಉತ್ತರ ಅವರು ಆ ದಿನ ಕೇಳಿರಲಿಲ್ಲ. ಸಂತೋಷದಿಂದ ಬಾಗಿ ಕಲ್ಲನ್ನು ಉರುಳಿಸಿದರು. ಇರುವೆಯ ಸಾಲು ಹೊರಗೆ ಬಂತು. ಅದರ ಹಿಂದೆ ವಾಸನೆ ಬಂತು. ಬಿಳಿ ಕರವಸ್ತ್ರದಿಂದ ಗುಲಾಬಿ ರೆಕ್ಕೆಯೊಂದು ಇಣುಕುತ್ತಿತ್ತು. ಹೆಂಗಸರು ಮೂಗು ಮುಚ್ಚಿಕೊಂಡರು, ಯಾರೋ ಕಿಸಕ್ಕನೆ ನಕ್ಕರು.

ಹೆಪ್ಸಿ ಬಗ್ಗಿ ನೋಡಿದಳು. “ಇನ್ನೂ ಎದ್ದಿಲ್ಲ,” ಎಂದಳು.

ಪ್ರಮೋದಿನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಡೀ ಸಭೆ ನೋಡುತ್ತಿದೆ, ಮೊಬೈಲುಗಳು ಮೇಲೆದ್ದಿವೆ. ಮಗಳ ತೋಳು ಹಿಡಿದು ಜಗ್ಗಿದಳು. “ಥೂ, ಅದು ಬರೀ ಕ್ರಾಫ್ಟ್ ಕಣೇ! ನಿಜ ಅಂದ್ಕೊಂಡ್ಯಾ?”

ಯಾವತ್ತು ಹೇಳಿದಳು ಈ ಮಾತನ್ನು? ಈಸ್ಟರ್ ದಿನ. ಎಲ್ಲಿ ಹೇಳಿದಳು? ದೇವಾಲಯದ ಅಂಗಳದಲ್ಲಿ. ಯಾರಿಗೆ ಹೇಳಿದಳು?

ಮಗು ತೋಳು ಬಿಡಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ತಲೆಯೆತ್ತಿ ಕೇಳಿತು, “ಯಾವುದು ನಿಜ ಅಲ್ಲ ಅಮ್ಮಾ?”

ಅಲ್ಲಿ ನಲವತ್ತು ಜನ ದೊಡ್ಡವರಿದ್ದರು. ಬೈಬಲ್ ಕ್ವಿಜ್‌ನಲ್ಲಿ ಗೆದ್ದವರಿದ್ದರು, ಸಭಾ ಹಿರಿಯರಿದ್ದರು. ಹಿರಿಯ ಅಯ್ಯನವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಎಲ್ಲರೂ ಮೆಲ್ಲಗೆ ಮೋಟಾರಿನ ಝರಿಯ ಕಡೆಗೆ ಸರಿದರು. ಮೊದಲ ಬಹುಮಾನ ಅದಕ್ಕೇ ಹೋಯಿತು.

ಮನೆಗೆ ಬಂದ ಮೇಲೆ ಪ್ರಮೋದಿನಿ ಸಿಟ್ಟಿನಲ್ಲೇ ಬಡಿಸಿದಳು. ಹಬ್ಬದ ಪಲಾವ್. “ಪ್ರಾರ್ಥನೆ ಹೇಳು,” ಎಂದಳು. ಹೆಪ್ಸಿ ಕೈ ಜೋಡಿಸಲಿಲ್ಲ.

“ಇದು ಕ್ರಾಫ್ಟಾ ಅಮ್ಮಾ? ನಿಜಾನಾ?”

ಹಟದ ಮಾತಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿತ್ತು ಮಗು. ಇಷ್ಟು ದಿನ ಯಾವುದಕ್ಕೂ ತಡವರಿಸದ ಪ್ರಮೋದಿನಿ ಗಂಡನ ಮುಖ ನೋಡಿದಳು. ಅವನು ತಟ್ಟೆ ನೋಡಿದ. ಮಗುವಿನೊಳಗೆ ಏನೋ ಮುರಿದಿದೆ, ಅದನ್ನು ಮುರಿದವಳು ತಾನೇ ಎಂದು ಅವಳಿಗೆ ಆಗ ಹೊಳೆಯಿತು. ಎದ್ದು ಹೋಗಿ ಕಾರಿನಿಂದ ತೋಟವನ್ನು ತಂದಳು. ರೇಷ್ಮೆ ಸೀರೆಯಲ್ಲೇ ಹಿತ್ತಲಿನಲ್ಲಿ ಕೂತಳು. ಸೌಟಿನಿಂದ ಗುಂಡಿ ತೋಡಿದಳು, ಇರುವೆ ಕೈಗೆ ಹತ್ತಿದರೂ ಮರಿಯನ್ನು ತಾನೇ ಎತ್ತಿ ಇಟ್ಟಳು. ಹೆಪ್ಸಿ ಬಂದು ನಿಂತಳು, ಕೈ ಹಿಂದೆ ಕಟ್ಟಿಕೊಂಡೇ.

“ಮಣ್ಣು ಹಾಕು ಬಾ,” ಎಂದಳು ತಾಯಿ.

“ಮುಟ್ಬೋದಾ?”

“ಮುಟ್ಟಮ್ಮ.”

ಇಬ್ಬರೂ ಮಣ್ಣು ಹಾಕಿದರು.

“ಗುಂಡು ಏಳುತ್ತಾ ಅಮ್ಮಾ?”

“ಗೊತ್ತಿಲ್ಲ ಕಣಮ್ಮ. ನಂಗೆ ಗೊತ್ತಿಲ್ಲ.”

“ಯೇಸುಸ್ವಾಮಿ?”

“ಎದ್ರು. ಅದು ನಿಜ. ನಾನೇ ಸುಳ್ಳು ಹೇಳ್ಬಿಟ್ಟೆ ಅಲ್ಲಿ, ನಾಚಿಕೆ ಆಯ್ತು ಅಂತ.”

ಹೆಪ್ಸಿ ಅಂಗೈಯಿಂದ ಮಣ್ಣನ್ನು ಸಮ ಮಾಡಿದಳು. “ಅವತ್ತು ಗುಂಡುಗೆ ನೀರಿಟ್ಟಿದ್ಯಾ ನೀನು?”

ಪ್ರಮೋದಿನಿಗೆ ಶುಕ್ರವಾರದ ತನ್ನ ಭಾಷಣ ನೆನಪಾಯಿತು, ಸೆರಗುಗಳು ನೆನಪಾದವು. “ಇಲ್ಲ ಕಣಮ್ಮ,” ಎಂದಳು. “ಇಡ್ಲಿಲ್ಲ. ಮಾತಾಡೋದನ್ನ ಬಾಯಿಪಾಠ ಮಾಡ್ತಾ ಮರೆತ್ಬಿಟ್ಟೆ. ನನ್ನ ತಪ್ಪು. ಕ್ಷಮಿಸ್ತೀಯಾ?”

ಮಗು ಕೈಯ ಮಣ್ಣನ್ನು ಫ್ರಾಕಿಗೆ ಒರೆಸಿಕೊಂಡಿತು. ಆಮೇಲೆ, “ಹಸಿವಾಗ್ತಿದೆ,” ಎಂದಿತು. ಇಬ್ಬರೂ ಕೈ ತೊಳೆದು ಒಳಗೆ ಹೋದರು.

ಕಥೆ ಮುಗಿಯಿತು. ಮರಿ ಏಳಲಿಲ್ಲ, ಬಹುಮಾನ ಬರಲಿಲ್ಲ. ತಾಯಿ ಕ್ಷಮೆ ಕೇಳಿದ್ದೇ ಆ ಮನೆಯಲ್ಲಿ ಅವಳ ಮೊದಲ ನಿಜವಾದ ಪ್ರಾರ್ಥನೆ, ಅದರ ಫೋಟೋ ಯಾರ ಬಳಿಯೂ ಇಲ್ಲ.

ಈಗ ನೀವು ಮೆಲ್ಲಗೆ ಪಕ್ಕದ ಬೆಂಚಿನ ಕಡೆ ಕಣ್ಣು ಹಾಯಿಸುತ್ತಿದ್ದೀರಿ, ‘ಇದು ಅವರಿಗೇ ಹೇಳಿದ್ದು’ ಎಂದು. ಬೇಡ ಸ್ವಾಮಿ. ಅವರೂ ನಿಮ್ಮನ್ನೇ ನೋಡುತ್ತಿದ್ದಾರೆ. ನಮ್ಮ ಕಡೆ ನಾವು ನೋಡಿಕೊಳ್ಳೋಣ. ಅಂಟು ಸೋಫಾಕ್ಕೆ ಹತ್ತೀತು ಎಂದು ಹೆದರುವ ನಾವು ಸುಳ್ಳು ಮಗುವಿನ ಮನಸ್ಸಿಗೆ ಹತ್ತೀತು ಎಂದು ಹೆದರಿದ್ದೇವೆಯೇ? ಮಕ್ಕಳನ್ನು ತಡೆದ ಶಿಷ್ಯರನ್ನು ಕರ್ತನು ಗದರಿಸಿದನು. ಮಕ್ಕಳನ್ನು ಗದರಿಸಲಿಲ್ಲ, ನೆನಪಿಡಿ, ಶಿಷ್ಯರನ್ನು!

ಆದ್ದರಿಂದ ಈ ವರ್ಷ ನಮ್ಮ ಸಭೆಯಲ್ಲಿ ಸ್ಪರ್ಧೆ ಇದೆ, ಬಹುಮಾನ ಇಲ್ಲ. ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು. ಶಿಲುಬೆ ಸೊಟ್ಟಗಿರಲಿ, ಕುರಿಗೆ ಐದು ಕಾಲಿರಲಿ, ಕತ್ತರಿ ಮಗುವಿನ ಕೈಯಲ್ಲಿರಲಿ, ನೀವು ಪಕ್ಕದಲ್ಲಿ ನೆಲದ ಮೇಲೆ ಕೂತಿರಿ. ಮಗು ಪ್ರಶ್ನೆ ಕೇಳಿದರೆ ಕೈಯಲ್ಲಿರುವುದನ್ನು ಕೆಳಗಿಡಿ, ಮುಖ ನೋಡಿ ಹೇಳಿ. ತಿಳಿಯದಿದ್ದರೆ ತಿಳಿಯದು ಎನ್ನಿ. ತಪ್ಪು ಮಾಡಿದ್ದರೆ ಐದು ವರ್ಷದವರ ಬಳಿಯಾದರೂ ಕ್ಷಮೆ ಕೇಳಿ. ಮನೆಯಲ್ಲಿ ನಿಮ್ಮನ್ನೇ ನಂಬಿದ ಜೀವ, ನಾಯಿಯೋ ಕೋಳಿಯೋ, ಬಿಸಿಲಲ್ಲಿ ಬಂದು ಪಾತ್ರೆ ತೊಳೆಯುವ ಹೆಂಗಸೋ, ಅದಕ್ಕೆ ಮೊದಲು ನೀರು ಕೊಟ್ಟು ಆಮೇಲೆ ಬೈಬಲ್ ತೆರೆಯಿರಿ.

ಇವತ್ತು ಮಧ್ಯಾಹ್ನ ನಿಮ್ಮ ಮಗು ಖಂಡಿತ ಏನಾದರೂ ಕೇಳುತ್ತದೆ. ಈಗ ಇಲ್ಲಿ ನನಗಾಗಿ ಆಮೆನ್ ಎನ್ನುವ ಅವಸರ ಬೇಡ. ಮನೆಗೆ ಹೋಗಿ, ಅದಕ್ಕೆ ನಿಜವಾದ ಉತ್ತರ ಕೊಟ್ಟು, ಆಮೇಲೆ ಅನ್ನಿ.